ನೂಲಿನಂತೆಯೇ ಸೀರೆಯೆ?

ಹತ್ತನೇ ತರಗತಿಯಲ್ಲಿ ಅನುವಂಶೀಯತೆಯ ಪಾಠ ಬಂದಾಗಲೆಲ್ಲ ನಾನು ಒಂದು ಗಾದೆಯಿಂದ ಶುರು ಮಾಡುತ್ತೇನೆ. ‘ನೂಲಿನಂತೆ ಸೀರೆ’ ಎಂದು ನಾನು ಹೇಳುವಷ್ಟರಲ್ಲಿ ಇಡೀ ತರಗತಿ ‘ತಾಯಿಯಂತೆ ಮಗಳು’ ಎಂದು ಒಕ್ಕೊರಲಿನಿಂದ ಪೂರ್ತಿ ಮಾಡುತ್ತದೆ. ಆಮೇಲೆ ಮೆಂಡೆಲ್, ಆತನ ಬಟಾಣಿ ಗಿಡಗಳು, ಮೂರಕ್ಕೆ ಒಂದರ ಲೆಕ್ಕ. ಮಂಡ್ಯ ಸೀಮೆಯ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಬಂಡೂರು ಕುರಿಯ ತಳಿ ಕೆಡದಂತೆ ಬೀಜದ ಟಗರನ್ನು ಹೇಗೆ ಆರಿಸಬೇಕು ಎಂಬುದನ್ನು ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ಬಲ್ಲರು.

ಪಾಠ ಮುಗಿದ ಮೇಲೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಯಾರಾದರೊಬ್ಬರು ಎದ್ದು ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ. ‘ಸಾ, ಕಣ್ಣು, ಕೂದ್ಲು, ಬಣ್ಣ ಎಲ್ಲಾ ಅಪ್ಪ ಅಮ್ಮನಿಂದ ಬತ್ತದೆ ಅಂದ್ರಿ. ಗುಣಾನೂ ಬತ್ತದಾ?’ ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ. ಕೇಳಿದ ಮಗು ಮಾತ್ರ ನಗುವುದಿಲ್ಲ. ಆ ಮಗುವಿನ ಮನೆಯಲ್ಲಿ ಏನೋ ಇದೆ ಎಂದು ಆಗ ಗೊತ್ತಾಗುತ್ತದೆ. ಕುಡಿಯುವ ಅಪ್ಪನೋ, ಊರು ಬಿಟ್ಟು ಹೋದ ತಾಯಿಯೋ, ಜೈಲು ಕಂಡುಬಂದ ಚಿಕ್ಕಪ್ಪನೋ.

ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಬಿ.ಎಸ್ಸಿ.ಯಲ್ಲಿ ಓದಿದ್ದರಲ್ಲೂ ಇರಲಿಲ್ಲ, ಬಿ.ಎಡ್.ನಲ್ಲಿ ಕಲಿತದ್ದರಲ್ಲೂ ಇರಲಿಲ್ಲ. ನನಗೆ ಒಂದಿಷ್ಟು ದಾರಿ ತೋರಿಸಿದ್ದು ಅಮೆರಿಕದ ಒಂದು ಕಾದಂಬರಿ. ಜಾನ್ ಸ್ಟೈನ್‌ಬೆಕ್ ಬರೆದ ‘ಈಸ್ಟ್ ಆಫ್ ಈಡನ್’. ೧೯೫೨ರಲ್ಲಿ ಪ್ರಕಟವಾದ, ಆರುನೂರು ಪುಟಗಳ ಆಸುಪಾಸಿನ, ಎರಡು ಮನೆತನಗಳ ಮೂರು ತಲೆಮಾರಿನ ಕಥೆ. ವಿಜ್ಞಾನದ ಮೇಷ್ಟರೊಬ್ಬ ಆ ಕಾದಂಬರಿಯನ್ನು ಮೆಚ್ಚಿಕೊಂಡದ್ದು ಹೇಗೆ, ಅದು ಅವನ ತಪ್ಪೊಂದನ್ನು ಅವನಿಗೇ ತೋರಿಸಿಕೊಟ್ಟದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಜಗಲಿಯ ಮೇಲೆ ಸಲಿನಾಸ್ ಕಣಿವೆ

೨೦೦೪ರ ಬೇಸಿಗೆ ರಜೆ. ಮೌಲ್ಯಮಾಪನದ ಕೆಲಸ ಮುಗಿಸಿ ಮೈಸೂರಿನಿಂದ ಹಿಂತಿರುಗುವಾಗ ರಸ್ತೆ ಬದಿಯ ಹಳೇ ಪುಸ್ತಕದ ರಾಶಿಯಲ್ಲಿ ಅಟ್ಟೆ ಕಿತ್ತುಹೋದ ಈ ಪುಸ್ತಕ ಸಿಕ್ಕಿತು. ನಾನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಯಲ್ಲ. ಪುಟಕ್ಕೆ ನಾಲ್ಕು ಸಲ ನಿಘಂಟು ತೆಗೆಯುವವನು. ಕೊಂಡದ್ದಕ್ಕೆ ಕಾರಣ ಇಷ್ಟೇ: ನಿಂತಲ್ಲೇ ಓದಿದ ಮೊದಲ ಪುಟದಲ್ಲಿ ಕಥೆ ಇರಲಿಲ್ಲ, ಒಂದು ಹೊಳೆ ಮತ್ತು ಅದರ ಎರಡು ದಂಡೆಯ ಮಣ್ಣಿನ ವರ್ಣನೆ ಇತ್ತು.

ನಮ್ಮೂರು ಕಿರಂಗೂರು. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಬನ್ನಿಮಂಟಪ ಇರುವ ಊರು. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಕರಿಘಟ್ಟದ ಬುಡದಲ್ಲಿ ಅವಳನ್ನು ಸೇರುವ ಲೋಕಪಾವನಿ. ನೀರು ಬಿಟ್ಟರೆ ಭತ್ತ, ಕಬ್ಬು. ಬಿಡದಿದ್ದರೆ ಮುಗಿಲು ನೋಡುವುದು. ಸ್ಟೈನ್‌ಬೆಕ್ ವರ್ಣಿಸುವುದು ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯನ್ನು. ಅಲ್ಲಿನ ಹೊಳೆ ಬೇಸಿಗೆಯಲ್ಲಿ ಮರಳಿನ ಅಡಿಗೆ ಇಳಿದುಬಿಡುತ್ತದೆ, ಮಳೆಗಾಲದಲ್ಲಿ ಉಕ್ಕಿ ಹೊಲಗಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ಒಳ್ಳೆಯ ಮಳೆಯ ವರ್ಷಗಳ ಹಿಂದೆಯೇ ಬರದ ವರ್ಷಗಳು ಬರುತ್ತವೆ. ಬರದಲ್ಲಿ ಜನರಿಗೆ ಸುಭಿಕ್ಷದ ನೆನಪಿರುವುದಿಲ್ಲ, ಸುಭಿಕ್ಷದಲ್ಲಿ ಬರದ ನೆನಪಿರುವುದಿಲ್ಲ ಎಂಬ ಅರ್ಥದ ಮಾತನ್ನು ಅವನು ಮೊದಲ ಅಧ್ಯಾಯದಲ್ಲೇ ಹೇಳುತ್ತಾನೆ. ೨೦೨೩ರಲ್ಲಿ ಕನ್ನಂಬಾಡಿ ಕಟ್ಟೆ ತುಂಬದೆ ನಾವು ಪಟ್ಟ ಪಾಡು, ೨೦೨೪ರಲ್ಲಿ ಕಟ್ಟೆ ೧೨೪.೮೦ ಅಡಿ ಮುಟ್ಟುತ್ತಲೇ ಅದನ್ನು ಮರೆತ ರೀತಿ ಎರಡನ್ನೂ ಕಂಡವರಿಗೆ ಈ ಮಾತು ಸಲಿನಾಸಿನದು ಎನಿಸುವುದಿಲ್ಲ.

ಹೀಗೆ ಜಗಲಿಯ ಮೇಲೆ ಕುಳಿತು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ನಾನು ಓದಲು ತೊಡಗಿದೆ. ಮೊದಲ ನೂರು ಪುಟಕ್ಕೆ ಎರಡು ವಾರ ಹಿಡಿಯಿತು. ಉಳಿದ ಐನೂರಕ್ಕೆ ಒಂದೇ ವಾರ.

ಎರಡು ಮನೆಗಳು

ಕಥೆಯನ್ನು ಚುಟುಕಾಗಿ ಹೇಳಬೇಕು. ಟ್ರಾಸ್ಕ್ ಮನೆತನದ ಹಿರಿಯ ಸೈರಸ್. ಅವನಿಗೆ ಆಡಂ ಮತ್ತು ಚಾರ್ಲ್ಸ್ ಎಂಬ ಇಬ್ಬರು ಗಂಡುಮಕ್ಕಳು. ತಂದೆಯ ಹುಟ್ಟುಹಬ್ಬಕ್ಕೆ ಚಾರ್ಲ್ಸ್ ಸೌದೆ ಒಡೆದು ಕೂಡಿಟ್ಟ ದುಡ್ಡಿನಲ್ಲಿ ಬೆಲೆಬಾಳುವ ಚಾಕು ತಂದುಕೊಡುತ್ತಾನೆ. ಆಡಂ ಎಲ್ಲೋ ಸಿಕ್ಕಿದ ಬೀದಿ ನಾಯಿಮರಿಯನ್ನು ಎತ್ತಿಕೊಂಡು ಬಂದು ಕೊಡುತ್ತಾನೆ. ತಂದೆಗೆ ನಾಯಿಮರಿ ಇಷ್ಟವಾಗುತ್ತದೆ, ಚಾಕು ಮೂಲೆ ಸೇರುತ್ತದೆ. ಚಾರ್ಲ್ಸ್ ಅಣ್ಣನನ್ನು ಸಾಯುವಂತೆ ಹೊಡೆಯುತ್ತಾನೆ. ಬೈಬಲ್ಲಿನ ಕೇನ ಮತ್ತು ಹೇಬೆಲರ ಕಥೆ ಇದು. ದೇವರು ತಮ್ಮನ ಕಾಣಿಕೆಯನ್ನು ಒಪ್ಪಿ ಅಣ್ಣನದನ್ನು ಒಪ್ಪದಿದ್ದಾಗ ನಡೆದ ಮೊದಲ ಕೊಲೆಯ ಕಥೆ. ಅಲ್ಲಿ ಹದಿನಾರು ವಚನಗಳಲ್ಲಿ ಮುಗಿಯುವುದು ಇಲ್ಲಿ ಆರುನೂರು ಪುಟವಾಗಿದೆ.

ಆಡಂ ಮದುವೆಯಾಗುವುದು ಕ್ಯಾಥಿ ಎಂಬ ಹೆಣ್ಣನ್ನು. ತವರುಮನೆಗೆ ಬೆಂಕಿಯಿಟ್ಟು ಹೆತ್ತವರನ್ನೇ ಸುಟ್ಟವಳು ಅವಳು. ಇದೊಂದೂ ಅವನಿಗೆ ತಿಳಿಯದು. ಅವಳೊಡನೆ ಸಲಿನಾಸ್ ಕಣಿವೆಗೆ ಬಂದು ಒಳ್ಳೆಯ ಜಮೀನು ಕೊಂಡು ಸ್ವರ್ಗ ಕಟ್ಟುವ ಕನಸು ಕಾಣುತ್ತಾನೆ. ಅವಳು ಅವಳಿ ಗಂಡುಮಕ್ಕಳನ್ನು ಹೆತ್ತು, ತಡೆಯಲು ಬಂದ ಗಂಡನ ಭುಜಕ್ಕೆ ಗುಂಡು ಹೊಡೆದು, ಊರಿನ ವೇಶ್ಯಾಗೃಹ ಸೇರುತ್ತಾಳೆ. ಮುಂದೆ ಹೆಸರು ಬದಲಿಸಿಕೊಂಡು ಅದರ ಒಡತಿಯೂ ಆಗುತ್ತಾಳೆ. ಮಕ್ಕಳಿಗೆ ಹೆಸರಿಡುವುದನ್ನೂ ಮರೆತು ಆಡಂ ಒಂದು ವರ್ಷಕ್ಕೂ ಹೆಚ್ಚು ಕಾಲ ಮಂಕಾಗಿ ಕೂರುತ್ತಾನೆ.

ಇದರ ಎದುರಿಗೆ ಹ್ಯಾಮಿಲ್ಟನ್ ಮನೆ. ಯಜಮಾನ ಸ್ಯಾಮ್ಯುಯೆಲ್ ಐರ್ಲೆಂಡಿನಿಂದ ಬಂದವನು. ಕಮ್ಮಾರ, ಬಾವಿ ಕೊರೆಯುವವನು, ಹೊಸ ಹೊಸ ಯಂತ್ರ ಹೂಡುವವನು. ಊರವರಿಗೆಲ್ಲ ನೀರು ತೋರಿಸುವ ಇವನ ಸ್ವಂತ ಜಮೀನಿನಲ್ಲಿ ನೀರೇ ಇಲ್ಲ. ಒಂಬತ್ತು ಮಕ್ಕಳು, ಕಟ್ಟುನಿಟ್ಟಿನ ಹೆಂಡತಿ, ಕೈಯಲ್ಲಿ ಕಾಸಿಲ್ಲ. ಆದರೂ ಮನೆ ತುಂಬ ಮಾತು, ನಗು, ಪುಸ್ತಕ. ಇವನು ಬರೀ ಕಲ್ಪನೆಯವನಲ್ಲ, ಸ್ಟೈನ್‌ಬೆಕ್‌ನ ಸ್ವಂತ ಅಜ್ಜ, ತಾಯಿಯ ತಂದೆ. ಕಾದಂಬರಿಯಲ್ಲಿ ಬರುವ ಶಾಲಾ ಶಿಕ್ಷಕಿ ಆಲಿವ್ ಲೇಖಕನ ತಾಯಿಯೇ. ತನ್ನ ಇಬ್ಬರು ಪುಟ್ಟ ಗಂಡುಮಕ್ಕಳಿಗೆ ಅವರ ಹಿರಿಯರ ಊರು, ಮಣ್ಣು, ಮನೆತನದ ಕಥೆ ತಿಳಿಯಲಿ ಎಂದೇ ಅವನು ಇದನ್ನು ಬರೆಯಹೊರಟದ್ದು. ೧೯೫೧ರಲ್ಲಿ ದಿನವೂ ದೊಡ್ಡ ನೋಟ್ ಪುಸ್ತಕದ ಎಡಪುಟದಲ್ಲಿ ತನ್ನ ಸಂಪಾದಕ ಮಿತ್ರನಿಗೆ ಒಂದು ಪತ್ರ, ಬಲಪುಟದಲ್ಲಿ ಕಾದಂಬರಿ, ಎಲ್ಲವೂ ಪೆನ್ಸಿಲಿನಲ್ಲಿ. ಆ ಪತ್ರಗಳೇ ಅವನು ತೀರಿಕೊಂಡ ಮರುವರ್ಷ, ೧೯೬೯ರಲ್ಲಿ, ಬೇರೆ ಪುಸ್ತಕವಾಗಿ ಬಂದವು.

ಅವಳಿಗಳು ಬೆಳೆಯುತ್ತಾರೆ. ಏರನ್ ಚೆಲುವ, ಒಳ್ಳೆಯವನು ಎನಿಸಿಕೊಂಡವನು. ಕ್ಯಾಲ್ ಒರಟ, ಒಳಗೊಳಗೇ ಕುದಿಯುವವನು. ಆಡಂ ಲೆಟ್ಯೂಸ್ ಸೊಪ್ಪನ್ನು ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ನ್ಯೂಯಾರ್ಕಿಗೆ ಕಳಿಸುವ ಸಾಹಸ ಮಾಡಿ, ದಾರಿಯಲ್ಲಿ ರೈಲು ತಡವಾಗಿ, ಸೊಪ್ಪು ಕೊಳೆತು ಕೈಸುಟ್ಟುಕೊಳ್ಳುತ್ತಾನೆ. ತಂದೆಯ ನಷ್ಟ ತುಂಬಿಕೊಡಲು ಕ್ಯಾಲ್ ಮೊದಲ ಮಹಾಯುದ್ಧದ ಕಾಲದಲ್ಲಿ ಬೀನ್ಸ್ ಕಾಳಿನ ವ್ಯಾಪಾರ ಮಾಡಿ ೧೫,೦೦೦ ಡಾಲರ್ ಗಳಿಸಿ, ಹಬ್ಬದ ಊಟದ ದಿನ ತಂದೆಯ ಮುಂದಿಡುತ್ತಾನೆ. ಯುದ್ಧದ ಲಾಭ ನನಗೆ ಬೇಡ, ನಿನ್ನ ತಮ್ಮನ ಹಾಗೆ ಹೆಮ್ಮೆಪಡುವಂಥದ್ದೇನಾದರೂ ಕೊಡಬಾರದಿತ್ತೆ ಎಂಬರ್ಥದ ಮಾತಾಡಿ ತಂದೆ ಅದನ್ನು ತಳ್ಳಿಬಿಡುತ್ತಾನೆ. ಚಾಕುವಿನ ಕಥೆ ಮತ್ತೆ ನಡೆಯಿತು. ಉರಿದುಹೋದ ಕ್ಯಾಲ್, ತಾಯಿ ಸತ್ತಿದ್ದಾಳೆಂದು ನಂಬಿದ್ದ ಏರನ್‌ನನ್ನು ಆ ರಾತ್ರಿಯೇ ಕರೆದೊಯ್ದು ಅವಳ ಮುಂದೆ ನಿಲ್ಲಿಸುತ್ತಾನೆ. ಏರನ್ ಸೇನೆಗೆ ಸೇರಿ ಯುದ್ಧದಲ್ಲಿ ಸಾಯುತ್ತಾನೆ. ಸುದ್ದಿ ಕೇಳಿ ತಂದೆಗೆ ಲಕ್ವ ಹೊಡೆಯುತ್ತದೆ.

ಸ್ಟಾಫ್ ರೂಮಿನ ಪಾರಾಯಣ

ಶಾಲೆ ಶುರುವಾದ ಮೇಲೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಈ ಕಥೆಯನ್ನು ದಿನಕ್ಕಿಷ್ಟರಂತೆ ಸಹೋದ್ಯೋಗಿಗಳಿಗೆ ಕನ್ನಡದಲ್ಲಿ ಹೇಳುತ್ತ ಬಂದೆ. ಒಂದು ತಿಂಗಳಾದರೂ ನಡೆಯಿತು. ‘ಎಲ್ಲಿಗ್ ಬಂತು ಮೇಷ್ಟ್ರೇ ನಿಮ್ ಅಮೆರಿಕಾ?’ ಎಂದು ಕೇಳುತ್ತಲೇ ಬುತ್ತಿ ಬಿಚ್ಚುವುದು ರೂಢಿಯಾಯಿತು.

ಒಬ್ಬೊಬ್ಬರಿಗೆ ಒಂದೊಂದು ಹಿಡಿಸಿತು. ಸ್ವಂತ ಕಬ್ಬಿನ ಗದ್ದೆಯಿದ್ದ ಗಣಿತದ ಮೇಷ್ಟರಿಗೆ ಕೊಳೆತ ಲೆಟ್ಯೂಸಿನ ರೈಲು. ಕಡಿದ ಕಬ್ಬು ಕಾರ್ಖಾನೆಯ ಮುಂದೆ ಗಾಡಿಯಲ್ಲಿ ನಿಂತು ಒಣಗುವುದನ್ನು, ಗಂಟೆಗಂಟೆಗೂ ತೂಕ ಇಳಿಯುವುದನ್ನು ಕಂಡವರು ಅವರು. ‘ಅವ್ನ್ ಸಂಕ್ಟ ನಂಗ್ ಗೊತ್ತಾಯ್ತದೆ ಬಿಡಿ’ ಎಂದರು. ಮುಖ್ಯೋಪಾಧ್ಯಾಯರು ಸ್ಯಾಮ್ಯುಯೆಲ್‌ನ ಕಡೆ. ಇಂಥ ಒಬ್ಬ ಮನುಷ್ಯ ಊರಿಗಿದ್ದರೆ ಪಂಚಾಯಿತಿಯೇ ಬೇಡ ಎಂಬುದು ಅವರ ತೀರ್ಮಾನ. ಹಿಂದಿ ಮೇಡಂ ಮಾತ್ರ ಕ್ಯಾಥಿಯ ವಿಚಾರದಲ್ಲಿ ಕೊನೆಯವರೆಗೂ ಒಪ್ಪಲಿಲ್ಲ. ‘ಕೆಟ್ಟ ಗಂಡಸಿಗೆಲ್ಲ ಒಂದೊಂದು ಕಾರಣ ಕೊಟ್ಟಿದ್ದಾನೆ ನಿಮ್ಮ ಲೇಖಕ. ಅವಳನ್ನು ಮಾತ್ರ ಹುಟ್ಟಾ ರಾಕ್ಷಸಿ ಅಂತ ಬರೆದುಬಿಟ್ಟಿದ್ದಾನಲ್ಲ, ಇದು ಯಾವ ನ್ಯಾಯ ಸರ್?’

ಹಿಂದಿ ಮೇಡಂ ಸ್ಟಾಫ್ ರೂಮಿನಲ್ಲಿ ಹೇಳಿದ್ದನ್ನೇ ೧೯೫೨ರಲ್ಲಿ ಅಮೆರಿಕದ ವಿಮರ್ಶಕರೂ ಹೇಳಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಕ್ಯಾಥಿ ನಂಬುವಂತಿಲ್ಲ, ಎರಡು ಮನೆಗಳ ಕಥೆ ಒಂದಕ್ಕೊಂದು ಕೂಡಿಕೊಂಡಿಲ್ಲ, ಲೇಖಕ ನಡುನಡುವೆ ಬಂದು ಉಪದೇಶ ಮಾಡುತ್ತಾನೆ ಎಂದು ಆಕ್ಷೇಪಿಸಿದವರು ಬಹಳ. ಆಕ್ಷೇಪಗಳು ಸುಳ್ಳಲ್ಲ. ಆದರೆ ಓದುಗರು ಅದಕ್ಕೆ ಕಿವಿಗೊಡಲಿಲ್ಲ. ಪುಸ್ತಕ ಆ ವರ್ಷವೇ ಮಾರಾಟದ ಪಟ್ಟಿಯ ಮೇಲ್ತುದಿಗೆ ಏರಿತು. ೧೯೫೫ರಲ್ಲಿ ಎಲಿಯಾ ಕಜಾನ್ ಇದರ ಕೊನೆಯ ಭಾಗವನ್ನಷ್ಟೇ ತೆಗೆದುಕೊಂಡು ಸಿನಿಮಾ ಮಾಡಿದರು, ಕ್ಯಾಲ್‌ನ ಪಾತ್ರದಲ್ಲಿ ಜೇಮ್ಸ್ ಡೀನ್. ೨೦೦೩ರಲ್ಲಿ ಟೆಲಿವಿಷನ್ನಿನ ಓಪ್ರಾ ವಿನ್‌ಫ್ರೇ ತಮ್ಮ ಓದುಗರ ಬಳಗಕ್ಕೆ ಇದನ್ನು ಆರಿಸಿದಾಗ, ಅರ್ಧ ಶತಮಾನ ಹಳೆಯ ಪುಸ್ತಕ ಮತ್ತೆ ಹೊಸ ಪುಸ್ತಕದಂತೆ ಮಾರಾಟವಾಯಿತು. ಕುಂದುಗಳಿದ್ದೂ ಜನ ಒಂದು ಕೃತಿಯನ್ನು ಎದೆಗೆ ಹಚ್ಚಿಕೊಳ್ಳುತ್ತಾರೆಂದರೆ ಅದರಲ್ಲಿ ಅವರಿಗೆ ಬೇಕಾದದ್ದೇನೋ ಇರಲೇಬೇಕು. ನನ್ನ ಮಟ್ಟಿಗೆ ಅದು ಒಂದೇ ಒಂದು ಪದ.

ಅಡುಗೆಯವನು ಹುಡುಕಿದ ಪದ

ಆಡಂನ ಮನೆಯಲ್ಲಿ ಲೀ ಎಂಬ ಚೀನೀ ಮೂಲದ ಅಡುಗೆಯಾಳಿದ್ದಾನೆ. ತಾಯಿಯಿಲ್ಲದ ಅವಳಿಗಳನ್ನು ಸಾಕಿದವನು ಅವನೇ. ಚೆನ್ನಾಗಿ ಇಂಗ್ಲಿಷ್ ಬಲ್ಲವನಾದರೂ ಹರಕು ಇಂಗ್ಲಿಷ್ ಆಡುತ್ತಾನೆ, ಬಿಳಿಯರು ಅವನಿಂದ ನಿರೀಕ್ಷಿಸುವುದು ಅಷ್ಟನ್ನೇ ಎಂದು. ಕೇನನ ಕಥೆಯಲ್ಲಿ ದೇವರು ಪಾಪವನ್ನು ಗೆಲ್ಲುವ ಬಗ್ಗೆ ಆಡುವ ಒಂದು ಮಾತು ಅವನನ್ನು ಕಾಡುತ್ತದೆ. ಒಂದು ಇಂಗ್ಲಿಷ್ ಅನುವಾದದಲ್ಲಿ ಅದು ‘ನೀನು ಗೆದ್ದೇ ಗೆಲ್ಲುತ್ತೀ’ ಎಂಬ ಭರವಸೆ, ಇನ್ನೊಂದರಲ್ಲಿ ‘ಗೆಲ್ಲು’ ಎಂಬ ಅಪ್ಪಣೆ. ಯಾವುದು ಸರಿ? ಲೀ ಸ್ಯಾನ್ ಫ್ರಾನ್ಸಿಸ್ಕೋದ ನಾಲ್ವರು ಚೀನೀ ವೃದ್ಧ ವಿದ್ವಾಂಸರ ಬಳಿ ಹೋಗುತ್ತಾನೆ. ತೊಂಬತ್ತರ ಗಡಿ ದಾಟಿದ ಮುದುಕನೂ ಇದ್ದ ಆ ಗುಂಪು ಈ ಒಂದು ಪದಕ್ಕಾಗಿ ಹೀಬ್ರೂ ಕಲಿಯುತ್ತದೆ. ಎರಡು ವರ್ಷ ಕಳೆದ ಮೇಲೆ ಅವರಿಗೆ ತೋರುವ ಅರ್ಥ ಬೇರೆಯೇ. ಮೂಲದ ‘ತಿಮ್ಶೆಲ್’ ಭರವಸೆಯೂ ಅಲ್ಲ, ಅಪ್ಪಣೆಯೂ ಅಲ್ಲ. ‘ನೀನು ಗೆಲ್ಲಬಹುದು’. ಅಷ್ಟೇ.

ಹೀಬ್ರೂ ಬಲ್ಲವರು ಆ ಪದದ ಸರಿಯಾದ ಉಚ್ಚಾರ ‘ತಿಮ್ಶೋಲ್’ ಎನ್ನುತ್ತಾರೆ, ಸ್ಟೈನ್‌ಬೆಕ್ ತಪ್ಪಾಗಿ ಬರೆದುಕೊಂಡ ಎನ್ನುತ್ತಾರೆ. ಇರಲಿ. ‘ಬಹುದು’ ಎಂಬ ನಮ್ಮ ಕನ್ನಡದ ಪುಟ್ಟ ಪದಕ್ಕೆ ಇಷ್ಟು ತೂಕವಿದೆ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಗೆಲ್ಲಬಹುದು ಎಂದರೆ ಗೆಲ್ಲದಿರಲೂಬಹುದು. ಆಯ್ಕೆ ಮಾತ್ರ ನಿನ್ನದು.

ಕ್ಯಾಲ್‌ಗೆ ತಾಯಿಯ ನಿಜ ತಿಳಿದಾಗ ಅವನು ಲೀಯ ಮುಂದೆ ಅಳುತ್ತಾನೆ. ನಾನು ಕೆಟ್ಟವನಾಗಿರುವುದು ಅವಳ ರಕ್ತ ನನ್ನಲ್ಲಿರುವುದರಿಂದ ಎನ್ನುತ್ತಾನೆ. ಆಗ ಲೀ ಅವನನ್ನು ಸಮಾಧಾನ ಮಾಡುವುದಿಲ್ಲ, ಹಿಡಿದು ಗದರಿಸುತ್ತಾನೆ. ಹಿರಿಯರ ನೆಪ ಹೇಳಿ ತಪ್ಪಿಸಿಕೊಳ್ಳಬೇಡ, ನೀನು ಮಾಡುವುದೆಲ್ಲ ನೀನು ಮಾಡಿದ್ದೇ ಹೊರತು ನಿನ್ನ ತಾಯಿ ಮಾಡಿದ್ದಲ್ಲ ಎಂಬುದು ಅವನ ಮಾತಿನ ಸಾರ. ‘ಗುಣಾನೂ ಬತ್ತದಾ’ ಎಂದು ಕೇಳುವ ನನ್ನ ಹುಡುಗರಿಗೆ ಹೇಳಬೇಕಾದ ಉತ್ತರ ಇದೇ ಇರಬೇಕು ಎನಿಸಿತು. ಆದರೆ ಓದುತ್ತ ಓದುತ್ತ ಎದೆ ಭಾರವಾದದ್ದು ಬೇರೆ ಕಾರಣಕ್ಕೆ.

ಕಪಾಟಿನ ಹಿಂದೆ ಬಿದ್ದಿದ್ದ ಅಮ್ಮೀಟರ್

ಇದಕ್ಕೆ ಐದು ವರ್ಷ ಹಿಂದೆ, ೧೯೯೯ರಲ್ಲಿ, ನಾನು ಬೇರೊಂದು ಊರಿನ ಶಾಲೆಯಲ್ಲಿದ್ದೆ. ಪ್ರಯೋಗಾಲಯದಲ್ಲಿದ್ದುದು ಎರಡೇ ಅಮ್ಮೀಟರು. ಒಂದು ದಿನ ಪ್ರಯೋಗ ಮುಗಿದು ಎಣಿಸಿದರೆ ಒಂದೇ ಇತ್ತು. ಕೊನೆಯಲ್ಲಿ ಕೊಠಡಿಯಿಂದ ಹೊರಬಿದ್ದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಅವನ ತಂದೆ ಪಂಪ್‌ಸೆಟ್ ಮೋಟಾರುಗಳ ತಾಮ್ರದ ತಂತಿ ಕದ್ದು ಮಾರುತ್ತಿದ್ದ ಮನುಷ್ಯ. ಎರಡು ಸಲ ಸಿಕ್ಕಿಬಿದ್ದು ಕಂಬಕ್ಕೆ ಕಟ್ಟಿಸಿಕೊಂಡವನು. ಊರಿಗೆಲ್ಲ ಗೊತ್ತಿದ್ದ ವಿಷಯ.

ನಾನು ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸಿ ಚೀಲ ಕೊಡವಿಸಿದೆ. ಏನೂ ಸಿಗಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ‘ಅಪ್ಪನ ಬುದ್ಧಿ ಎಲ್ಲೋ ಹೋಗ್ತದೆ?’ ಎಂದೆ. ತರಗತಿ ನಕ್ಕಿತು. ಹುಡುಗ ಅಳಲಿಲ್ಲ, ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡ. ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ಮೂರು ತಿಂಗಳ ನಂತರ ಸುಣ್ಣ ಬಳಿಸಲು ಕಪಾಟು ಸರಿಸಿದಾಗ ಗೋಡೆಯ ಸಂದಿಯಲ್ಲಿ ಅಮ್ಮೀಟರು ಸಿಕ್ಕಿತು. ಅವನ ಮನೆಗೆ ಹೋದೆ. ಬೆಂಗಳೂರಿಗೆ ಹೋದ ಎಂದಳು ತಾಯಿ. ‘ಇರ್ಲಿ ಬುಡಿ ಬುದ್ದಿ’ ಎಂದು ನನಗೇ ಸಮಾಧಾನ ಹೇಳಿದಳು.

ಆ ಕಾದಂಬರಿಯಲ್ಲಿ ಕ್ಯಾಲ್ ಇಟ್ಟ ಹಣವನ್ನು ತಂದೆ ತಳ್ಳಿದ ಪುಟ ಓದಿದಾಗ ನಾನು ಪುಸ್ತಕ ಮುಚ್ಚಿ ಎದ್ದುಹೋದೆ. ಆಡಂ ಕೆಟ್ಟವನಲ್ಲ, ಸಜ್ಜನ. ಸಜ್ಜನನೊಬ್ಬ ಒಂದೇ ಮಾತಿನಲ್ಲಿ ಒಂದು ಮಗುವನ್ನು ಅದು ಹೆದರುತ್ತಿದ್ದ ಕತ್ತಲೆಗೇ ನೂಕಬಲ್ಲ ಎಂಬುದು ನನಗೆ ಹೊಸ ಸಂಗತಿಯಾಗಿರಲಿಲ್ಲ.

ಒಂದೇ ವರ್ಷ ಹುಟ್ಟಿದ ಇಬ್ಬರು

ಸ್ಟಾಫ್ ರೂಮಿನ ಪಾರಾಯಣ ಮುಗಿದ ದಿನ ನಮ್ಮ ಕನ್ನಡ ಪಂಡಿತರು ಒಂದು ಮಾತು ಹೇಳಿದರು. ‘ಇಷ್ಟಕ್ಕೆ ಅಮೆರಿಕಾಕ್ಕೆ ಹೋಗಬೇಕಿತ್ತೆ? ಕೋಟದವರೆಗೆ ಹೋಗಿದ್ದರೆ ಸಾಕಿತ್ತು.’ ಮರುದಿನ ಅವರ ಕೈಯಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಇತ್ತು.

ನಾನು ಕಾರಂತರನ್ನು ಬಲ್ಲವನೇ, ಆದರೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳ ಮೂಲಕ. ಕಾದಂಬರಿಯತ್ತ ಹೋಗಿರಲಿಲ್ಲ. ೧೯೪೧ರಲ್ಲಿ ಬಂದ ‘ಮರಳಿ ಮಣ್ಣಿಗೆ’ಯೂ ಮೂರು ತಲೆಮಾರಿನ ಕಥೆಯೇ. ಕಡಲು ಮತ್ತು ಹಿನ್ನೀರಿನ ನಡುವಿನ ಕೋಡಿಯಲ್ಲಿ ಪೌರೋಹಿತ್ಯದಿಂದ ಬದುಕುವ ರಾಮ ಐತಾಳರು. ಆ ಮನೆಯನ್ನು ಬೆನ್ನು ಮುರಿಯುವಂತೆ ದುಡಿದು ನಿಲ್ಲಿಸುವ ತಂಗಿ ಸರಸೋತಿ ಮತ್ತು ಹೆಂಡತಿ ಪಾರೋತಿ. ಇಂಗ್ಲಿಷ್ ಓದಲು ಹೋಗಿ ಜೂಜು, ದುರ್ವ್ಯಸನಗಳಲ್ಲಿ ಆಸ್ತಿಯನ್ನೆಲ್ಲ ಕಳೆಯುವ ಮಗ ಲಚ್ಚ. ಅವನ ಕೈಹಿಡಿದು ರೋಗವನ್ನೂ ಬಡತನವನ್ನೂ ಉಂಡು, ಪಿಟೀಲಿನ ನಾದದಲ್ಲಿ ಜೀವ ಹಿಡಿದುಕೊಂಡ ನಾಗವೇಣಿ. ಅವಳ ಮಗ, ಅಜ್ಜನ ಹೆಸರನ್ನೇ ಹೊತ್ತ ರಾಮ, ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯ ಚಳವಳಿಗೆ ಧುಮುಕಿ, ಕೆಲಸ ಹುಡುಕಿ ಮುಂಬಯಿಯನ್ನೂ ಕಂಡು, ಕೊನೆಗೆ ಅಜ್ಜನ ಮಣ್ಣಿಗೇ ಮರಳುತ್ತಾನೆ. ಲಚ್ಚನ ಮಗ ಲಚ್ಚನಾಗಲಿಲ್ಲ. ಕಾರಂತರು ಇದಕ್ಕೆ ಯಾವ ಧರ್ಮಗ್ರಂಥದ ಪದವನ್ನೂ ಹುಡುಕಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ನಾಗವೇಣಿಯ ಪಿಟೀಲು, ಸರಸೋತಿಯ ದುಡಿಮೆ, ಕಡಲ ಮೊರೆತ ಇವುಗಳ ನಡುವೆ ಹುಡುಗನನ್ನು ಬೆಳೆಯಬಿಟ್ಟರು. ಹಿಂದಿ ಮೇಡಂ ಕೇಳಿದ ನ್ಯಾಯವೂ ಇಲ್ಲಿ ಸಿಕ್ಕುತ್ತದೆ. ಮನೆ ಉಳಿಸುವವರು ಹೆಂಗಸರೇ. ಕಲೆಯ ದೃಷ್ಟಿಯಿಂದ ಪಂಡಿತರು ಹೇಳಿದ್ದೇ ಸರಿ, ಕಾರಂತರದು ಹೆಚ್ಚು ಪಳಗಿದ ಕೈ.

ಹುಡುಕಿ ನೋಡಿದರೆ ಇನ್ನೊಂದು ಸ್ವಾರಸ್ಯ. ಸ್ಟೈನ್‌ಬೆಕ್ ಹುಟ್ಟಿದ್ದು ೧೯೦೨ರ ಫೆಬ್ರವರಿ ೨೭ರಂದು, ಕಾರಂತರು ಅದೇ ವರ್ಷ ಅಕ್ಟೋಬರ್ ೧೦ರಂದು. ಇಬ್ಬರಿಗೂ ವಿಜ್ಞಾನದ ಹುಚ್ಚು. ಕಾರಂತರು ‘ಮರಳಿ ಮಣ್ಣಿಗೆ’ ಪ್ರಕಟಿಸಿದ ೧೯೪೧ರಲ್ಲೇ ಸ್ಟೈನ್‌ಬೆಕ್ ತನ್ನ ಜೀವವಿಜ್ಞಾನಿ ಗೆಳೆಯ ಎಡ್ ರಿಕೆಟ್ಸ್ ಜೊತೆ ದೋಣಿಯಲ್ಲಿ ಹೋಗಿ ಕಡಲ ಜೀವಿಗಳನ್ನು ಸಂಗ್ರಹಿಸಿದ ಯಾನದ ಪುಸ್ತಕವನ್ನು ಪ್ರಕಟಿಸಿದ. ಇವನಿಗೆ ೧೯೬೨ರಲ್ಲಿ ನೊಬೆಲ್, ಅವರಿಗೆ ೧೯೭೭ರ ಜ್ಞಾನಪೀಠ. ಒಬ್ಬರು ಇನ್ನೊಬ್ಬರನ್ನು ಅನುಸರಿಸಿದರೆಂದು ನಾನು ಹೇಳುತ್ತಿಲ್ಲ. ಮಣ್ಣನ್ನೂ ಮನೆತನವನ್ನೂ ಒಟ್ಟಿಗೆ ನೋಡುವ ಕಣ್ಣು ಯಾವ ದೇಶದಲ್ಲಾದರೂ ಹುಟ್ಟೀತು ಎನ್ನುತ್ತಿದ್ದೇನೆ. ನಮ್ಮ ನೆರೆಯ ನಾಗಮಂಗಲ ತಾಲ್ಲೂಕಿನಿಂದ ಬಂದ ಎಚ್.ಎಲ್. ನಾಗೇಗೌಡರೂ ‘ದೊಡ್ಡಮನೆ’ ಎಂಬ ಕಾದಂಬರಿ ಬರೆದವರಲ್ಲವೆ?

ಬೀಜವೂ ನಾಲೆಯೂ

ಇಷ್ಟಾಗಿ, ವಿಜ್ಞಾನದ ಮೇಷ್ಟರು ವಿಜ್ಞಾನ ಬಿಡಲಾಗದು. ‘ಈಸ್ಟ್ ಆಫ್ ಈಡನ್’ ಬಂದ ಮರುವರ್ಷವೇ, ೧೯೫೩ರಲ್ಲಿ, ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಸುರುಳಿಯ ರಚನೆಯನ್ನು ಪ್ರಕಟಿಸಿದರು. ಆ ಕಾದಂಬರಿಗೆ ಅಮೆರಿಕದಲ್ಲಿ ಮರುಜೀವ ಬಂದ ೨೦೦೩ರಲ್ಲೇ ಮಾನವ ಜೀನೋಮ್ ಯೋಜನೆ ಮುಗಿಯಿತೆಂದು ಸಾರಲಾಯಿತು. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ವಂಶವಾಹಿಗಳು ಸುಮಾರು ೨೦,೦೦೦ ಎಂದು ಈಗ ಎಣಿಕೆ. ಅವುಗಳಲ್ಲಿ ಕಳ್ಳತನದ ಜೀನ್, ಸುಳ್ಳಿನ ಜೀನ್ ಎಂಬುದಿಲ್ಲ. ಹಾಗೆಂದು ಸ್ವಭಾವಕ್ಕೂ ಹುಟ್ಟಿಗೂ ಸಂಬಂಧವೇ ಇಲ್ಲವೆಂದೂ ಅಲ್ಲ. ಬೇಗ ಸಿಟ್ಟು ಬರುವುದು, ಅಂಜುಬುರುಕುತನ, ಚಟಕ್ಕೆ ಸುಲಭವಾಗಿ ಬೀಳುವುದು ಇಂಥವಕ್ಕೆ ಹಲವಾರು ವಂಶವಾಹಿಗಳು ತುಸು ತುಸುವೇ ತಳ್ಳುಕೊಡುತ್ತವೆ. ಆ ತಳ್ಳು ಮಾತ್ರ ಹಣೆಬರಹವಲ್ಲ.

ತರಗತಿಯಲ್ಲಿ ನಾನು ಇದನ್ನು ಭತ್ತದ ಲೆಕ್ಕದಲ್ಲಿ ಹೇಳುತ್ತೇನೆ. ಒಂದೇ ಚೀಲದ ಬಿತ್ತನೆ ಭತ್ತವನ್ನು ಇಬ್ಬರು ಹಂಚಿಕೊಂಡರು. ಒಬ್ಬನ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಮೊದಲಲ್ಲಿ, ಇನ್ನೊಬ್ಬನದು ನೀರು ತಲುಪುವುದೇ ಅಪರೂಪವಾದ ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದಲ್ಲಿ. ಇಬ್ಬರ ತೆನೆಯೂ ಒಂದೇ ತರ ಬರುತ್ತದೆಯೆ? ‘ಇಲ್ಲ ಸಾ!’ ಹಾಗಾದರೆ ಕೊನೇ ಭಾಗದವನ ಪೈರು ಬಾಡಿದರೆ ಬೀಜ ಕೆಟ್ಟದ್ದು ಅನ್ನೋಣವೆ? ಮಕ್ಕಳು ಸುಮ್ಮನಾಗುತ್ತಾರೆ. ಮೆಂಡೆಲ್ ಕೂಡ ತನ್ನ ಬಟಾಣಿಯನ್ನು ಒಂದೇ ತೋಟದಲ್ಲಿ, ಒಂದೇ ಆರೈಕೆಯಲ್ಲಿ ಬೆಳೆದದ್ದರಿಂದ ಲೆಕ್ಕ ಅಷ್ಟು ಚೊಕ್ಕವಾಗಿ ಬಂತು ಎನ್ನುತ್ತೇನೆ. ಮಕ್ಕಳನ್ನು ಹಾಗೆ ಒಂದೇ ಮಡಿಯಲ್ಲಿ ಬೆಳೆಯಲಾದೀತೆ? ಪೈರಿಗೂ ಮಗುವಿಗೂ ಇನ್ನೂ ಒಂದು ವ್ಯತ್ಯಾಸವಿದೆ. ತನಗೆ ನೀರು ಬರಲಿಲ್ಲವೆಂದು ಪೈರಿಗೆ ಗೊತ್ತಿರುವುದಿಲ್ಲ. ಮಗುವಿಗೆ ಗೊತ್ತಿರುತ್ತದೆ, ಮತ್ತು ಏನು ಮಾಡಬೇಕೆಂದು ಅದು ಯೋಚಿಸಬಲ್ಲದು. ಅಡುಗೆಯ ಲೀ ಎರಡು ವರ್ಷ ಹುಡುಕಿದ ‘ಬಹುದು’ ಇರುವುದು ಅಲ್ಲಿ.

ಒಂದು ಮಾತಿನ ಸಾಲ

ಕಾದಂಬರಿಯ ಕೊನೆಯಲ್ಲಿ ಲಕ್ವ ಹೊಡೆದು ಮಲಗಿದ ಆಡಂನ ಬಳಿಗೆ ಲೀ ಕ್ಯಾಲ್‌ನನ್ನು ಕರೆತರುತ್ತಾನೆ. ನಿನ್ನ ಮಗನನ್ನು ಹೀಗೇ ಬಿಟ್ಟುಹೋಗಬೇಡ, ಹರಸು, ಅವನನ್ನು ಬಿಡುಗಡೆ ಮಾಡು ಎಂದು ಬೇಡುತ್ತಾನೆ. ಸಾಯುವ ತಂದೆ ಬಲುಕಷ್ಟದಿಂದ ಆಡುವುದು ಆ ಒಂದೇ ಪದ. ಮಗನಿಗೆ ತಂದೆ ಬಿಟ್ಟುಹೋದ ಆಸ್ತಿ ಅಷ್ಟೇ.

೨೦೧೪ರಲ್ಲಿ ನಮ್ಮ ಬಾವಿಯ ಮೋಟಾರು ಸುಟ್ಟುಹೋಯಿತು. ಒಳ್ಳೆಯ ಕೆಲಸಗಾರನೆಂದು ಯಾರೋ ಹೇಳಿದ ರೀವೈಂಡಿಂಗ್ ಅಂಗಡಿಗೆ ಆಟೋದಲ್ಲಿ ಹಾಕಿಕೊಂಡು ಹೋದೆ. ತಾಮ್ರದ ತಂತಿಯ ಸುರುಳಿಗಳ ನಡುವೆ ಕುಳಿತಿದ್ದವನು ತಲೆಯೆತ್ತಿ ನೋಡಿ ಎದ್ದು ನಿಂತ. ನನಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅವನೇ. ಮೋಟಾರು ಇಳಿಸಿಕೊಂಡ, ಚಹಾ ತರಿಸಿದ. ನಾನು ಹದಿನೈದು ವರ್ಷದಿಂದ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. ಕೊನೆಗೆ ‘ಆ ಅಮ್ಮೀಟರು ಕಪಾಟಿನ ಹಿಂದೆ ಸಿಕ್ತಪ್ಪಾ. ನಾನು ಆವತ್ತು ಹಾಗನ್ನಬಾರದಿತ್ತು. ತಪ್ಪಾಯ್ತು’ ಎಂದೆ.

ಅವನು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. ‘ನಮ್ಮಪ್ಪ ಕದಿಯೋನು, ಅದು ದಿಟ ಸಾ. ನಾನ್ ಕದ್ದಿರ್ನಿಲ್ಲ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಅವತ್ತು ನೀವ್ ಅಂದಿದ್ಕೇ ತಾಮ್ರದ ಕೆಲ್ಸಾನೇ ಕಲ್ತೆ. ಒಂದ್ ಗ್ರಾಂ ಹೆಚ್ಚೂಕಮ್ಮಿ ಇಲ್ದಂಗ್ ಕೊಟ್ಟಿವ್ನಿ ಸಾ ಇಲ್ಲೀಗಂಟ’ ಎಂದ. ಅದು ಕ್ಷಮೆಯೋ ದೂರೋ ನನಗೆ ತಿಳಿಯಲಿಲ್ಲ. ಕೇಳುವ ಹಕ್ಕೂ ನನಗಿರಲಿಲ್ಲ. ಅವನು ಗೆದ್ದದ್ದು ನಿಜ, ನನ್ನಿಂದ ಒಂದು ಒಳ್ಳೆಯ ಮಾತಿಲ್ಲದೆ ಗೆದ್ದ. ಎಲ್ಲ ಹುಡುಗರೂ ಹಾಗೆ ಗೆಲ್ಲುವುದಿಲ್ಲ.

ಈಗಲೂ ಅನುವಂಶೀಯತೆಯ ಪಾಠವನ್ನು ಅದೇ ಗಾದೆಯಿಂದ ಶುರು ಮಾಡುತ್ತೇನೆ. ಮುಗಿಸುವಾಗ ಮಾತ್ರ, ನೂಲು ಹತ್ತಿಯದೋ ರೇಷ್ಮೆಯದೋ ನಾವು ಆರಿಸಿಕೊಳ್ಳುವುದಲ್ಲ, ಆದರೆ ಅದೇ ನೂಲಿನಲ್ಲಿ ಯಾವ ಅಂಚು ನೇಯಬೇಕೆಂಬುದು ಮಗ್ಗದ ಮುಂದೆ ಕುಳಿತವರ ಕೈಯಲ್ಲಿದೆ ಎಂದು ಹೇಳುತ್ತೇನೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಹೋದ ವರ್ಷ ಪ್ರಶ್ನೆ ಕೇಳಿದ ಹುಡುಗಿ ಇದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದಳು. ಬರೆದುಕೊಳ್ಳಲಿ ಎಂದು ನಾನು ಇನ್ನೊಮ್ಮೆ ನಿಧಾನವಾಗಿ ಹೇಳಿದೆ.